ಹಳೆಯ ರಟ್ಟಿನ ಮೇಲೆ ಚಿತ್ತಾರ: ಕೆಮ್ಮಣ್ಣು ಉದುರದಂತೆ ಬಳಿಯುವುದು ಹೇಗೆ?

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಸೀಮೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರಕ್ಕೆ ಅಂಗಡಿಯ ಬಣ್ಣ ಬೇಕಿರಲಿಲ್ಲ. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಕರಿಕಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಬೀಜ, ಕುಂಚಕ್ಕೆ ಪುಂಡಿ ನಾರು. ಮಣ್ಣಿನ ಗೋಡೆ ಇಲ್ಲದ ಪೇಟೆಯವರು ಈ ಕಲೆಯನ್ನು ಅಭ್ಯಾಸ ಮಾಡಲು ಸಾಮಾನು ಬಂದ ಪೆಟ್ಟಿಗೆಯ ರಟ್ಟು ಸಾಕು. ಆದರೆ ಕಲಿಕೆಯ ಶಿಬಿರಗಳಲ್ಲಿ ನಾನು ಕಂಡಂತೆ ಹೆಚ್ಚಿನವರು ಸೋಲುವುದು ಚಿತ್ತಾರದ ಎಳೆ, ಅಂದರೆ ಗೆರೆ, ಬರೆಯುವುದರಲ್ಲಲ್ಲ, ಅದಕ್ಕೂ ಮೊದಲಿನ ಮಣ್ಣಿನ ಲೇಪದಲ್ಲಿ. ತಂದ ಮಣ್ಣನ್ನು ಹಾಗೆಯೇ ನೀರಿಗೆ ಕಲಸಿ ಬಳಿಯುವುದರಿಂದ ಅದು ಒಣಗಿದಾಗ ಬಿರುಕು ಬಿಟ್ಟು, ಮುಟ್ಟಿದವರ ಕೈಗೆಲ್ಲ ಮೆತ್ತಿಕೊಳ್ಳುತ್ತದೆ.

ರಟ್ಟಿನಿಂದ ಪ್ಲಾಸ್ಟಿಕ್ ಟೇಪು, ಪಿನ್ನುಗಳನ್ನು ಕಿತ್ತು, ಎರಡೂ ಬದಿಗೆ ಹಳೆಯ ದಿನಪತ್ರಿಕೆಯನ್ನು ಮೈದಾ ಅಂಟಿನಿಂದ ಹಚ್ಚಿ, ಭಾರ ಹೇರಿ ಒಣಗಿಸಿ. ಒಂದೇ ಬದಿಗೆ ಹಚ್ಚಿದರೆ ರಟ್ಟು ಒಣಗುತ್ತಾ ಆ ಕಡೆಗೆ ಬಾಗುತ್ತದೆ. ನುಣುಪಾದ ಬಣ್ಣದ ಜಾಹೀರಾತು ಹಾಳೆ ಮಣ್ಣನ್ನು ಹಿಡಿಯುವುದಿಲ್ಲವಾದ್ದರಿಂದ ಅದನ್ನು ಬಳಸಬೇಡಿ.

ಇನ್ನು ಕೆಮ್ಮಣ್ಣು. ಬೇರು, ಕಸ ಇಲ್ಲದಂತೆ ಮೇಲ್ಪದರವನ್ನು ಕೆರೆದು ಹಾಕಿ ಕೆಳಗಿನ ಮಣ್ಣನ್ನು ತೆಗೆದು, ಒಣಗಿಸಿ, ಕುಟ್ಟಿ, ಬಕೆಟ್ಟಿನಲ್ಲಿ ಧಾರಾಳ ನೀರಿಗೆ ಹಾಕಿ ಒಂದು ರಾತ್ರಿ ನೆನೆಯಲು ಬಿಡಬೇಕು. ಬೆಳಿಗ್ಗೆ ಚೆನ್ನಾಗಿ ಕದಡಿ, ಮರಳು ತಳಕ್ಕಿಳಿಯಲು ಸುಮಾರು ಒಂದು ನಿಮಿಷ ಕಾದು, ಮೇಲಿನ ಕೆಂಪು ನೀರನ್ನಷ್ಟೇ ತೆಳುವಾದ ಹಳೆಯ ಪಂಚೆಯ ಬಟ್ಟೆಯ ಮೂಲಕ ಇನ್ನೊಂದು ಪಾತ್ರೆಗೆ ಬಗ್ಗಿಸಿ. ತಳದ ಮರಳನ್ನು ಗಿಡದ ಬುಡಕ್ಕೆ ಸುರಿಯಿರಿ. ಬಗ್ಗಿಸಿದ ನೀರನ್ನು ಮತ್ತೊಮ್ಮೆ ಕದಡಿ ಇದೇ ರೀತಿ ಸೋಸಿ, ಅಲುಗಿಸದೆ ಇಡೀ ದಿನ ಇಟ್ಟರೆ ಮೇಲೆ ತಿಳಿನೀರು ನಿಂತು, ಅಡಿಯಲ್ಲಿ ಬೆಣ್ಣೆಯಂಥ ಕೆಸರು ಉಳಿಯುತ್ತದೆ. ತಿಳಿನೀರನ್ನು ಬಸಿದು ಕೆಸರನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ. ಒಂದು ಕಣ ತರಿಯಾಗಿ ಸಿಕ್ಕರೂ ಇನ್ನೊಮ್ಮೆ ಸೋಸಲೇಬೇಕು. ಜರಡಿ ಹಿಡಿದರೆ ಇಷ್ಟೆಲ್ಲ ಬೇಡವೆಂದು ವಾದಿಸುವವರಿದ್ದಾರೆ, ಆದರೆ ಜರಡಿಯ ಕಣ್ಣಿನಲ್ಲಿ ನುಸುಳುವ ನವಿರು ಮರಳೇ ಮುಂದೆ ಲೇಪವನ್ನು ಉದುರಿಸುತ್ತದೆ.

ಕೆಸರಿಗೆ ಹಿಡಿತ ಕೊಡುವುದು ಜಾಲಿಯ ಗೋಂದು. ಹಿಂದಿನ ರಾತ್ರಿ ನೆನೆಸಿ, ಸೋಸಿ, ಜೇನಿನಷ್ಟು ಮಂದವಾದ ಗೋಂದನ್ನು ಕೆಸರಿಗೆ ಚಮಚ ಚಮಚವಾಗಿ ಸೇರಿಸುತ್ತಾ, ಪ್ರತಿ ಸಲವೂ ರಟ್ಟಿನ ಚೂರೊಂದಕ್ಕೆ ಬಳಿದು ಒಣಗಿಸಿ ಪರೀಕ್ಷಿಸಬೇಕು. ಬೆರಳಿಗೆ ಪುಡಿ ಅಂಟಿದರೆ ಗೋಂದು ಕಡಿಮೆಯಾಗಿದೆ. ಲೇಪ ಹೊಳೆದು ಹಕ್ಕಳೆಯೆದ್ದರೆ ಹೆಚ್ಚಾಗಿದೆ, ಆಗ ಕೆಸರು ಸೇರಿಸಿ. ಎಲ್ಲ ಮಣ್ಣಿನ ಜಿಗುಟೂ ಒಂದೇ ಅಲ್ಲದ್ದರಿಂದ ಅಳತೆಯನ್ನು ಯಾರೂ ಬರೆದುಕೊಡಲಾರರು. ಬಡಗಿಗಳ ಬಿಳಿ ಅಂಟನ್ನು ಸುರಿದರೆ ಕೆಲಸ ಒಂದು ಗಂಟೆಯಲ್ಲಿ ಮುಗಿಯುವುದು ನಿಜವಾದರೂ, ಅದು ಒಣಗಿ ಪ್ಲಾಸ್ಟಿಕ್ ಪೊರೆಯಾಗುವುದರಿಂದ ಮಣ್ಣಿನ ಬಣ್ಣ ಬಳಸಿದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ಅಂಟಿಗೆ ಹುಳ ಬೀಳದಿರಲೆಂದು ಮೈಲುತುತ್ತು ಬೆರೆಸುವ ರೂಢಿಯೂ ಇದೆ; ಅದು ವಿಷ, ಮಕ್ಕಳಿರುವ ಮನೆಗೆ ತರಲೇಬೇಡಿ.

ಲೇಪವನ್ನು ಮಜ್ಜಿಗೆಯಷ್ಟು ತೆಳ್ಳಗೆ ಮಾಡಿಕೊಂಡು ಮೂರು ಸಲ, ಒಂದು ಅಡ್ಡಲಾಗಿ, ಇನ್ನೊಂದು ಉದ್ದಲಾಗಿ, ಪ್ರತಿಯೊಂದೂ ಪೂರ್ತಿ ಒಣಗಿದ ಮೇಲೆ ನೆರಳಿನಲ್ಲೇ ಬಳಿಯಿರಿ. ಬಿಸಿಲಿಗಿಟ್ಟರೆ ಮೇಲ್ಮೈ ಮೊದಲೇ ಒಣಗಿ ಬಿರಿಯುತ್ತದೆ.

ಬಿಳಿ ಸುಲಭ: ನಾಲ್ಕೈದು ಗಂಟೆ ನೆನೆದ ಅಕ್ಕಿಯನ್ನು ನುಣ್ಣಗೆ ರುಬ್ಬಿ ಸೋಸಿದರಾಯಿತು. ಹಸಿಯಾಗಿದ್ದಾಗ ಅದು ಮಣ್ಣಿನ ಮೇಲೆ ಅಷ್ಟಾಗಿ ಕಾಣುವುದಿಲ್ಲ, ಒಣಗಿದ ಮೇಲಷ್ಟೇ ಬೆಳ್ಳಗಾಗುತ್ತದೆ. ಇದನ್ನರಿಯದವರು ಎಳೆಯ ಮೇಲೆ ಎಳೆ ತೀಡಿ ದಪ್ಪ ಮಾಡುವುದರಿಂದ ಹಿಟ್ಟು ಚಕ್ಕೆಯಾಗಿ ಕಳಚುತ್ತದೆ. ಕಪ್ಪಿಗೆ ಕರಿಕಾದ ಅಕ್ಕಿಯನ್ನು ನೀರು ಹಾಕಿ ಅರೆಯಿರಿ; ದೀಪದ ಕಾಡಿಗೆ ಜಿಡ್ಡಿನದಾದ್ದರಿಂದ ನೀರಿಗೆ ಬೆರೆಯದು. ಗುರಿಗೆ ಸಿಗದವರು ಹಳದಿ ಮಣ್ಣನ್ನೇ ಕೆಮ್ಮಣ್ಣಿನಂತೆ ಸೋಸಿಕೊಳ್ಳುವುದು ಮೇಲು. ಅರಿಸಿನ ಬೆಳಕಿಗೆ ಬೇಗ ಮಾಸುತ್ತದೆ, ಸುಣ್ಣ ತಗುಲಿದರೆ ಕೆಂಪಾಗುತ್ತದೆ. ಬೀಟ್‌ರೂಟ್, ದಾಸವಾಳದ ರಸಗಳೂ ಬಾಳಿಕೆ ಬರುವುದಿಲ್ಲ. ಮಣ್ಣಿನ ಕೆಂಪು, ಹಳದಿಗಳು ಕಬ್ಬಿಣದ ಅಂಶದಿಂದ ಬಂದವಾದ್ದರಿಂದ ಬಿಸಿಲಿಗೆ ಜಗ್ಗುವುದಿಲ್ಲ. ‘ಸಾವಯವ’ ಎಂದು ಚೀಟಿ ಹಚ್ಚಿ ಮಾರುವ ಪೊಟ್ಟಣಗಳಲ್ಲಿ ಏನು ಬೆರೆಸಿದೆಯೆಂದು ಬರೆದಿರದಿದ್ದರೆ ಕೊಳ್ಳಬೇಡಿ.

ಪುಂಡಿ ನಾರಿನ ಎಳೆಗಳನ್ನು ಕಟ್ಟಿ, ತುದಿಯನ್ನು ಜಜ್ಜಿದರೆ ಕುಂಚ ಸಿದ್ಧ. ನೈಲಾನ್ ಕುಂಚ ಹಿಟ್ಟನ್ನು ಹಿಡಿದಿಟ್ಟುಕೊಳ್ಳದೆ ಒಮ್ಮೆಲೇ ಸುರಿಸುವುದರಿಂದ ನಾನು ಅದನ್ನು ಒಪ್ಪುವುದಿಲ್ಲ. ಹೊರಗಿನ ಚೌಕಟ್ಟಿನ ನೇರ ಗೆರೆಗಳಿಗೆ ಬಡಗಿಗಳಂತೆ ಹಿಟ್ಟಿನಲ್ಲದ್ದಿದ ನೂಲನ್ನು ಬಿಗಿದು ಮಿಡಿದು ಗುರುತು ಮಾಡಿಕೊಂಡು, ಆಮೇಲೆ ಒಳಗಿನ ಎಳೆಗಳನ್ನು ತುಂಬುತ್ತಾ ಬನ್ನಿ.

ವಾರ್ನಿಶ್ ಬೇಡ, ಅದು ಅಕ್ಕಿಯ ಬಿಳಿಯನ್ನು ಮಂಕಾಗಿಸುತ್ತದೆ. ಮಳೆಗಾಲದಲ್ಲಿ ಥಂಡಿ ಹಿಡಿಯುವ ಗೋಡೆಗೆ ತೂಗುಹಾಕಿದರೆ ಬೂಷ್ಟು ಖಂಡಿತ. ಮಿಕ್ಕ ಕೆಮ್ಮಣ್ಣಿನ ಕೆಸರಿಗೆ ಗೋಂದು ಸೇರಿಸಿರದಿದ್ದರೆ ತಟ್ಟೆಯಲ್ಲಿ ಬಿಲ್ಲೆಯಾಗಿ ಒಣಗಿಸಿಟ್ಟುಕೊಂಡು ಬೇಕೆಂದಾಗ ನೆನೆಸಿ ಬಳಸಬಹುದು. ಅಕ್ಕಿ ಹಿಟ್ಟು ಮಾತ್ರ ಮರುದಿನಕ್ಕೆ ಹುಳಿಯುವುದರಿಂದ ಅಂದಂದಿಗೆ ಬೇಕಾದಷ್ಟನ್ನೇ ರುಬ್ಬಿಕೊಳ್ಳಬೇಕು.