ಫೌಂಡೇಶನ್ ಓದನ್ನು ನಾನು ಎರಡನೇ ಸಲ ಶುರು ಮಾಡಿದ ಬಗೆ

ಅಮೆರಿಕದ ವೈಜ್ಞಾನಿಕ ಕಾದಂಬರಿಕಾರ ಐಸಾಕ್ ಅಸಿಮೋವ್ ಅವರ ಫೌಂಡೇಶನ್ ಸರಣಿಯ ಲೋಕವನ್ನು ನಾನು ಮೊದಲು ಹೊಕ್ಕಿದ್ದು 1988ರ 'ಪ್ರಿಲ್ಯೂಡ್ ಟು ಫೌಂಡೇಶನ್' ಮೂಲಕ. ಕಥೆಯ ಕಾಲ ನೋಡಿದರೆ ಅದು ಫೌಂಡೇಶನ್‌ಗಿಂತ ಹಿಂದಿನದು. ಹಾಗಾಗಿ ಅಲ್ಲಿಂದಲೇ ಹೊರಡುವುದು ಸರಿ ಎನ್ನಿಸಿತ್ತು. ತರುಣ ಗಣಿತಜ್ಞ ಹ್ಯಾರಿ ಸೆಲ್ಡನ್, ಇಡೀ ಗ್ಯಾಲಕ್ಸಿಯನ್ನು ಆಳುವ ಸಾಮ್ರಾಜ್ಯದ ರಾಜಧಾನಿ ಗ್ರಹ ಟ್ರಾಂಟರ್‌ಗೆ ಬಂದು, ಭವಿಷ್ಯವನ್ನು ಗಣಿತದಿಂದ ಹೇಳಬಹುದೆಂಬ ಬಗ್ಗೆ ಒಂದು ಪ್ರಬಂಧ ಮಂಡಿಸುತ್ತಾನೆ. ಅದರ ಫಲವಾಗಿ ಊರೂರು ತಪ್ಪಿಸಿಕೊಂಡು ತಿರುಗಬೇಕಾಗುತ್ತದೆ. ಪುಸ್ತಕ ಸರಾಗವಾಗಿ ಓದಿಸಿಕೊಂಡಿತು. ಕೊನೆಯ ಹೊತ್ತಿಗೆ ಒಂದು ಪಾತ್ರದ ನಿಜವಾದ ಗುರುತು ಹೊರಬೀಳುತ್ತದೆ. ಅದನ್ನು ಹೇಳಿರುವ ರೀತಿಯಲ್ಲೇ ಗೊತ್ತಾಗುತ್ತದೆ, ಓದುಗ ಬೆಚ್ಚಿ ಎದ್ದು ಕೂರಬೇಕಾದ ಜಾಗ ಅದು. ನನಗೋ ಅದು ಬರೀ ಒಂದು ಹೆಸರು. ಎಲ್ಲೋ ಓದಿ ಮರೆತಿರಬೇಕು ಎಂದುಕೊಂಡು ಹಿಂದಿನ ಪುಟಗಳಲ್ಲೆಲ್ಲ ಹುಡುಕಿದೆ. ಅಲ್ಲಿರಲಿಲ್ಲ. ಆ ಹೆಸರಿನ ತೂಕವೆಲ್ಲ ನಾನಿನ್ನೂ ಮುಟ್ಟದ ಹಳೆಯ ಪುಸ್ತಕಗಳಲ್ಲಿತ್ತು.

ಆ ಹೆಸರು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ನನ್ನ ಕೈ ತಪ್ಪಿದ ಬೆರಗು ಇದನ್ನು ಓದುವವರಿಗಾದರೂ ಸಿಗಲಿ.

ಅದೇ ಪುಸ್ತಕದ ಆರಂಭದಲ್ಲಿ ಅಸಿಮೋವ್ ಅವರದೇ ಒಂದು ಟಿಪ್ಪಣಿ ಇದೆ. ನಾನು ಅದನ್ನು ಹಾರಿಸಿಕೊಂಡು ಮುಂದೆ ಹೋಗಿದ್ದೆ. ಅಲ್ಲಿ ಅವರು ಹದಿನಾಲ್ಕು ಪುಸ್ತಕಗಳನ್ನು ಕಥೆಯ ಕಾಲಕ್ರಮದಲ್ಲಿ ಜೋಡಿಸಿ ಕೊಟ್ಟಿದ್ದಾರೆ. ಇವನ್ನು ಬಹುಶಃ ಯಾವ ಕ್ರಮದಲ್ಲಿ ಓದಬೇಕೋ ಆ ಕ್ರಮದಲ್ಲಿ ತಾನು ಬರೆದಿಲ್ಲ ಎಂದೂ ಹೇಳಿಕೊಂಡಿದ್ದಾರೆ. ಆ ಪಟ್ಟಿಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಪ್ರತಿ ಹೆಸರಿನ ಮುಂದೆ ಪ್ರಕಟವಾದ ಇಸವಿ ಬರೆದೆ. ಮೇಲಿನಿಂದ ಕೆಳಕ್ಕೆ ಬಂದದ್ದು ಹೀಗೆ: 1982, 1954, 1957, 1983, 1985, 1952, 1951, 1950, 1988, 1951, 1952, 1953, 1982, 1986.

ಈ ಅಂಕಿಗಳನ್ನು ನೋಡುತ್ತ ಕೂತಾಗಲೇ ನನಗೆ ವಿಷಯ ಹೊಳೆದದ್ದು. ಇದು ಮೊದಲಿನಿಂದಲೂ ಒಂದೇ ಸರಣಿಯಾಗಿರಲಿಲ್ಲ. ರೋಬಾಟ್ ಕಥೆಗಳು ಒಂದು ಕಡೆ, ಸಾಮ್ರಾಜ್ಯದ ಕಾದಂಬರಿಗಳು ಇನ್ನೊಂದು ಕಡೆ, ಫೌಂಡೇಶನ್ ಮತ್ತೊಂದು ಕಡೆ ಹುಟ್ಟಿ ಬೆಳೆದವು. 1953ರಲ್ಲಿ 'ಸೆಕೆಂಡ್ ಫೌಂಡೇಶನ್' ಬಂದ ಮೇಲೆ ಆ ಕಥೆ ಸುಮಾರು ಮೂವತ್ತು ವರ್ಷ ಹಾಗೇ ನಿಂತಿತ್ತು. 1982ರಲ್ಲಿ 'ಫೌಂಡೇಶನ್ಸ್ ಎಜ್' ಬರೆದ ಮೇಲೆಯೇ ಅಸಿಮೋವ್ ಈ ಎಳೆಗಳನ್ನು ಒಂದಕ್ಕೊಂದು ಗಂಟು ಹಾಕತೊಡಗಿದ್ದು. ಮೊದಲ ಮೂರು ಫೌಂಡೇಶನ್ ಪುಸ್ತಕಗಳಲ್ಲಿ ರೋಬಾಟ್‌ಗಳ ಸುಳಿವೇ ಇಲ್ಲ. ಇಷ್ಟು ಮುಂದುವರಿದ ನಾಗರಿಕತೆಯಲ್ಲಿ ಅವು ಎಲ್ಲಿ ಹೋದವು? ಎಂಬತ್ತರ ದಶಕದ ಪುಸ್ತಕಗಳು ಈ ಪ್ರಶ್ನೆಗೇ ಉತ್ತರ ಹುಡುಕುತ್ತವೆ. ಕಾಲಕ್ರಮ ಹಿಡಿದು ಓದುವವರಿಗೆ ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಕೈಗೆ ಬಂದುಬಿಡುತ್ತದೆ. ನನಗೆ ಆಗಿದ್ದೂ ಇದೇ.

ಎರಡನೇ ಸಲ ಹೊರಟಾಗ ಅವಸರ ಮಾಡಲಿಲ್ಲ. ಐವತ್ತರ ದಶಕದ ಮೂರು ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಒಂದೊಂದರಲ್ಲೂ ಮೂವತ್ತು ನಲವತ್ತು ಪುಟ ಓದಿ ನೋಡಿದೆ: 'ಐ, ರೋಬಾಟ್' (1950), 'ಫೌಂಡೇಶನ್' (1951), 'ದಿ ಕೇವ್ಸ್ ಆಫ್ ಸ್ಟೀಲ್' (1954). ಮೊದಲನೆಯದು ಬಿಡಿ ಕಥೆಗಳ ಗುಚ್ಛ. ರೋಬಾಟ್‌ಗಳ ಮೂರು ನಿಯಮ, ಆ ನಿಯಮಗಳು ಸಿಕ್ಕಿಹಾಕಿಕೊಳ್ಳುವ ಸಂದರ್ಭ, ಅದನ್ನು ಬಿಡಿಸುವ ಬುದ್ಧಿವಂತಿಕೆ, ಕಥೆ ಮುಗಿಯಿತು. ಬೇಕೆನ್ನಿಸಿದಾಗ ಒಂದೊಂದು ಓದಬಹುದು.

ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ 'ಕೇವ್ಸ್ ಆಫ್ ಸ್ಟೀಲ್'. ಅದೊಂದು ಅಪ್ಪಟ ಪತ್ತೇದಾರಿ ಕಥೆ. ಭೂಮಿಯ ಜನ ಉಕ್ಕಿನ ಚಾವಣಿಯಡಿಯ ನಗರಗಳಲ್ಲಿ ಒತ್ತೊತ್ತಾಗಿ ಬದುಕುತ್ತಾರೆ. ತೆರೆದ ಆಕಾಶ ಎಂದರೆ ಅವರಿಗೆ ಭಯ. ಎಲೈಜಾ ಬೇಲಿ ಎಂಬ ಪೊಲೀಸ್ ಅಧಿಕಾರಿಗೆ ಒಂದು ಕೊಲೆಯ ತನಿಖೆ ಬರುತ್ತದೆ, ಜೊತೆಗಾರನಾಗಿ ಬರುವುದು ಮನುಷ್ಯನಂತೆಯೇ ಕಾಣುವ ರೋಬಾಟ್. ಬೇಲಿಗೆ ಅವನನ್ನು ಕಂಡರಾಗದು. ಆ ಅಸಹನೆ ಪುಟ ಪುಟಕ್ಕೂ ಒಂದಿಷ್ಟೇ ಕರಗುವುದನ್ನು ನೋಡುವುದೇ ಒಂದು ಸುಖ. ಕೊಲೆಗಾರ ಯಾರು ಎಂಬ ಕುತೂಹಲ ಮುಂದಕ್ಕೆ ಎಳೆಯುತ್ತಿರುವಾಗ ಆ ಲೋಕದ ರೀತಿನೀತಿಗಳು ತಾವಾಗಿ ಮನಸ್ಸಿನಲ್ಲಿ ಕೂರುತ್ತವೆ. ವೈಜ್ಞಾನಿಕ ಕಾದಂಬರಿ ಓದಿ ಅಭ್ಯಾಸವಿಲ್ಲದವರು ಯಾರೇ ಕೇಳಿದರೂ ನಾನು ಕೊಡುವುದು ಇದೇ ಪುಸ್ತಕ. ಬೆನ್ನಿಗೇ 1957ರ 'ದಿ ನೇಕೆಡ್ ಸನ್' ಓದಿ ಮುಗಿಸಿದೆ.

ಆಮೇಲೆ 'ಫೌಂಡೇಶನ್'. ಇಲ್ಲಿ ಮೊದಲು ಸ್ವಲ್ಪ ಎಡವಿದೆ. ನಾಲ್ಕು ಸಾವಿರ ಕೋಟಿಗೂ ಮಿಕ್ಕಿ ಜನರಿರುವ ಟ್ರಾಂಟರ್, ಸಾಮ್ರಾಜ್ಯ ಬೀಳಲಿದೆ ಎಂದು ಲೆಕ್ಕ ಹಾಕಿ ಹೇಳುವ ಮುದುಕ ಸೆಲ್ಡನ್, ಮೂವತ್ತು ಸಾವಿರ ವರ್ಷಗಳ ಕತ್ತಲೆಯನ್ನು ಒಂದು ಸಾವಿರಕ್ಕೆ ಇಳಿಸುವ ಅವನ ಯೋಜನೆ. ಇದರಲ್ಲಿ ಮುಳುಗಿರುವಾಗಲೇ ಕಥೆ ಐವತ್ತು ವರ್ಷ ಮುಂದಕ್ಕೆ ಜಿಗಿಯಿತು. ಪರಿಚಯವಾಗಿದ್ದವರು ಯಾರೂ ಇಲ್ಲ. ಇದಕ್ಕೆ ಕಾರಣವಿದೆ. ಮೊದಲ ಮೂರು ಫೌಂಡೇಶನ್ ಪುಸ್ತಕಗಳ ಕಥೆಗಳಲ್ಲಿ ಹೆಚ್ಚಿನವು 1942ರಿಂದ 1950ರ ನಡುವೆ ಒಂದು ಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬಂದಂಥವು. ನನಗೆ ಅಷ್ಟು ಹಿಡಿಸಿದ್ದ ಆ ಮೊದಲ ಭಾಗವನ್ನಂತೂ ಅಸಿಮೋವ್ 1951ರ ಪುಸ್ತಕಕ್ಕೆಂದೇ ಹೊಸದಾಗಿ ಬರೆದು ಸೇರಿಸಿದ್ದರು. ಇದು ತಿಳಿದ ಮೇಲೆ ಕಾದಂಬರಿ ಎಂದುಕೊಳ್ಳುವುದನ್ನು ಬಿಟ್ಟು ಐದು ನೀಳ್ಗತೆಗಳು ಎಂದುಕೊಂಡು, ದಿನಕ್ಕೊಂದರಂತೆ ಓದಿದೆ. ಜಿಗಿತ ಆಮೇಲೆ ತೊಡಕೆನಿಸಲಿಲ್ಲ. ಇಲ್ಲಿ ಮನುಷ್ಯರು ಬಂದು ಹೋಗುತ್ತಾರೆ, ಉಳಿದು ಬೆಳೆಯುವುದು ಚರಿತ್ರೆ.

ಎರಡನೆಯ ಪುಸ್ತಕ 'ಫೌಂಡೇಶನ್ ಅಂಡ್ ಎಂಪೈರ್'ನ ಉತ್ತರಾರ್ಧಕ್ಕೆ ಬರುವವರೆಗೆ ಯಾರೂ ಈ ಸರಣಿಯನ್ನು ಕೈಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿಯವರೆಗೆ ಸೆಲ್ಡನ್ ಲೆಕ್ಕ ಹಾಕಿದಂತೆಯೇ ಎಲ್ಲ ನಡೆಯುತ್ತದೆ, ಓದುಗನೂ ನಿಶ್ಚಿಂತನಾಗಿಬಿಡುತ್ತಾನೆ. ಪತ್ರಿಕೆಯ ಸಂಪಾದಕರಾಗಿದ್ದ ಜಾನ್ ಕ್ಯಾಂಪ್‌ಬೆಲ್ ಅವರಿಗೆ ಈ ನಿಶ್ಚಿಂತೆ ಸಾಕಾಗಿತ್ತು. ಯೋಜನೆ ಮುರಿದುಬೀಳಬೇಕೆಂದು ಅವರು ಹಟ ಹಿಡಿದರು. ಅದರಿಂದ ಹುಟ್ಟಿದ 1945ರ ಕಥೆಯೇ 'ದಿ ಮ್ಯೂಲ್'. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ತಡವಾಗಿ ಬಂತು.

ಮೂರನೆಯದು ಮುಗಿದ ಮೇಲೆ ಬೇಕೆಂದೇ ಕೆಲವು ತಿಂಗಳು ಬಿಟ್ಟೆ. ಮೊದಲ ಓದುಗರು ಮೂವತ್ತು ವರ್ಷ ಕಾದಿದ್ದರು. ಆಮೇಲೆ ಪ್ರಕಟವಾದ ಕ್ರಮವನ್ನೇ ಹಿಡಿದೆ: 'ಫೌಂಡೇಶನ್ಸ್ ಎಜ್', 1983ರ 'ದಿ ರೋಬಾಟ್ಸ್ ಆಫ್ ಡಾನ್', 1985ರ 'ರೋಬಾಟ್ಸ್ ಅಂಡ್ ಎಂಪೈರ್', 1986ರ 'ಫೌಂಡೇಶನ್ ಅಂಡ್ ಅರ್ತ್'. ಇವು ದಪ್ಪ ಪುಸ್ತಕಗಳು, ಮಾತುಕತೆ ಹೆಚ್ಚು, ಹಳೆಯ ಕಥೆಗಳ ಚುರುಕು ಇಲ್ಲ. ಆದರೆ ಬೇರೆ ಬೇರೆ ಎಂದುಕೊಂಡಿದ್ದ ಎಳೆಗಳು ಕೂಡಿಕೊಳ್ಳುವ ಖುಷಿ ಇಲ್ಲಿ ಮಾತ್ರ ಸಿಗುತ್ತದೆ. ಸಾಮ್ರಾಜ್ಯದ ಮೂರು ಕಾದಂಬರಿಗಳನ್ನು ಬದಿಗಿಟ್ಟಿದ್ದೆ. ಅವುಗಳಲ್ಲಿ 1950ರ 'ಪೆಬಲ್ ಇನ್ ದಿ ಸ್ಕೈ' ಒಂದನ್ನು ಆಮೇಲೆ ಓದಿದೆ, ಇಷ್ಟವಾಯಿತು. ಅವು ಇಲ್ಲದೆಯೂ ಕಥೆ ಪೂರ್ತಿ ಅರ್ಥವಾಗುತ್ತದೆ.

'ಪ್ರಿಲ್ಯೂಡ್' ಅನ್ನು ಮತ್ತೆ ತೆರೆದದ್ದು ಇಷ್ಟೆಲ್ಲ ಆದ ಮೇಲೆ. ಆ ಹೆಸರು ಬರುವ ಪುಟ ಬಂತು. ಬರುತ್ತದೆಂದು ಗೊತ್ತಿದ್ದೂ ಗಂಟಲು ಕಟ್ಟಿತು. 'ಫಾರ್ವರ್ಡ್ ದಿ ಫೌಂಡೇಶನ್' ಪ್ರಕಟವಾದದ್ದು 1993ರಲ್ಲಿ. ಅಸಿಮೋವ್ 1992ರಲ್ಲೇ ತೀರಿಕೊಂಡಿದ್ದರು. ಅದರಲ್ಲಿ ಸೆಲ್ಡನ್ ಅಧ್ಯಾಯದಿಂದ ಅಧ್ಯಾಯಕ್ಕೆ ಮುದುಕನಾಗುತ್ತಾನೆ, ಹತ್ತಿರದವರನ್ನು ಒಬ್ಬೊಬ್ಬರಾಗಿ ಕಳೆದುಕೊಳ್ಳುತ್ತಾನೆ. ಅದನ್ನು ಮುಗಿಸಿ ಕೆಳಗಿಟ್ಟು, 1951ರ ಪುಸ್ತಕದ ಮೊದಲ ಭಾಗವನ್ನು ಇನ್ನೊಮ್ಮೆ ತೆಗೆದೆ. ಗಾಲ್ ಡಾರ್ನಿಕ್ ಎಂಬ ಹಳ್ಳಿಗಾಡಿನ ಹುಡುಗ ಟ್ರಾಂಟರ್ ನೋಡಿ ಬೆರಗಾಗಿ ತನ್ನ ಕೋಣೆಗೆ ಮರಳುತ್ತಾನೆ. ಒಳಗೆ ಅವನಿಗಾಗಿ ಒಬ್ಬ ಮುದುಕ ಕಾಯುತ್ತ ಕೂತಿದ್ದಾನೆ. ಗಾಲ್‌ಗೆ ಅವನು ಯಾರೆಂದು ಗೊತ್ತಿಲ್ಲ. ನನಗೆ ಗೊತ್ತಿತ್ತು.