ಬೀಟ್‌ಗೆ ಬೆಳಕು: ಮೊದಲು ಕಿಕ್ ಡ್ರಮ್ ಹಿಡಿಯಿರಿ

ಲ್ಯಾಪ್‌ಟಾಪ್ ಮೈಕ್ ಆನ್ ಮಾಡಿ, ವೇದಿಕೆಯ ಲೈಟು ಹಾಡಿನ ಬೀಟ್‌ಗೆ ತಾನೇ ಕುಣಿಯಲಿ ಅಂತ ಕೂರುವವರನ್ನು ಬಹಳ ನೋಡಿದ್ದೇನೆ. ಕುಣಿಯುತ್ತದೆ, ಸುಳ್ಳಲ್ಲ. ಚಪ್ಪಾಳೆಗೂ ಕುಣಿಯುತ್ತದೆ, ಗಾಯಕರು ಕೆಮ್ಮಿದರೂ ಕುಣಿಯುತ್ತದೆ.

ಜೋಡಣೆ ಸುಲಭ. ಲ್ಯಾಪ್‌ಟಾಪ್, ಡಿಎಂಎಕ್ಸ್ ಇಂಟರ್‌ಫೇಸ್ (ಲ್ಯಾಪ್‌ಟಾಪ್‌ನ ಆದೇಶವನ್ನು ಲೈಟುಗಳಿಗೆ ಮುಟ್ಟಿಸುವ ಪೆಟ್ಟಿಗೆ), ಲೈಟುಗಳ ಸಾಲು, ಕೊನೆಯಲ್ಲಿ 120 ಓಮ್ ಟರ್ಮಿನೇಟರ್ (ಸಿಗ್ನಲ್ ಹಿಂದಕ್ಕೆ ಪುಟಿಯದಂತೆ ತಡೆಯುವ ಪ್ಲಗ್). ಮೈಕ್ ಕೇಬಲ್ ಸಿಕ್ಕಿತು ಅಂತ ಡಿಎಂಎಕ್ಸ್ ಕೇಬಲ್ ಬದಲು ಅದನ್ನೇ ಸಿಕ್ಕಿಸಬೇಡಿ. ಮನೆಯಲ್ಲಿ ನಡೆದದ್ದು ವೇದಿಕೆಯ ಉದ್ದಕ್ಕೆ ಎಳೆದಾಗ ಕೈ ಕೊಡುತ್ತದೆ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಬೀಟ್ ಹಿಡಿಯುವ ಸಾಫ್ಟ್‌ವೇರ್‌ಗೆ ಇಡೀ ಹಾಡು ಕೇಳಿಸಬೇಡಿ. ಅದು ಮುಖ್ಯವಾಗಿ ನೋಡುವುದು ಸದ್ದು ಯಾವಾಗ ದಿಢೀರನೆ ಏರಿತು ಅನ್ನುವುದನ್ನು. ಗಿಟಾರ್, ದನಿ, ಸಿಂಬಲ್ ಎಲ್ಲವೂ ಏರುತ್ತಲೇ ಇರುತ್ತವೆ, ಅಲ್ವಾ? ಹಾಗಾಗಿ ಮಿಕ್ಸರ್‌ನ ಒಂದು ಆಕ್ಸ್‌ನಿಂದ (ಬೇಕಾದ ಸದ್ದನ್ನಷ್ಟೇ ಬೇರೆಯಾಗಿ ಕಳಿಸುವ ದಾರಿ) ಕಿಕ್ ಡ್ರಮ್, ಅಂದರೆ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ ಮಾತ್ರ ಕೇಳಿ ಪಡೆಯಿರಿ. ಪ್ರೀ-ಫೇಡರ್ ಇರಲಿ, ಅಂದರೆ ಸದ್ದು ಏರಿಳಿಸುವ ಫೇಡರ್‌ಗಿಂತ ಮೊದಲೇ ತೆಗೆದದ್ದು. ಇಲ್ಲದಿದ್ದರೆ ಸೌಂಡಿನವರು ಫೇಡರ್ ಇಳಿಸಿದೊಡನೆ ನಿಮ್ಮ ಬೆಳಕೂ ಮಲಗುತ್ತದೆ.

ಕಿಕ್ ಮೈಕ್‌ಗೂ ಪಕ್ಕದ ಸ್ನೇರ್ ಡ್ರಮ್‌ನ ಸದ್ದು ನುಸುಳುತ್ತದೆ. 120 ಹರ್ಟ್ಜ್ ಆಸುಪಾಸಿನಲ್ಲಿ ಲೋ-ಪಾಸ್ ಫಿಲ್ಟರ್ ಹಾಕಿ, ತಗ್ಗು ಸದ್ದು ಮಾತ್ರ ಒಳಗೆ ಬರಲಿ. ಈಗ ಡ್ರಮ್ಮರ್‌ಗೆ ಮೆತ್ತಗೆ ಬಾರಿಸಲು ಹೇಳಿ. ಜೋರಾಗಿ ಅಲ್ಲ, ಮೆತ್ತಗೆ. ಆ ಹೊಡೆತಕ್ಕಿಂತ ಸ್ವಲ್ಪ ಕೆಳಗೆ, ನುಸುಳುವ ಸದ್ದಿಗಿಂತ ಮೇಲೆ ಥ್ರೆಶೋಲ್ಡ್ (ಎಷ್ಟು ಜೋರಾದರೆ ಹೊಡೆತ ಅಂತ ಎಣಿಸಬೇಕು ಅನ್ನುವ ಮಟ್ಟ) ನಿಲ್ಲಿಸಿ. ಒಂದು ಹೊಡೆತ ಸಿಕ್ಕ ಮೇಲೆ 200 ಮಿಲಿಸೆಕೆಂಡ್ ಕಿವಿ ಮುಚ್ಚಿಕೊಂಡಿರುವಂತೆ ಸೆಟ್ ಮಾಡಿ. ಒಂದೇ ಹೊಡೆತವನ್ನು ಎರಡು ಅಂತ ಎಣಿಸುವ ಚಾಳಿ ಅಲ್ಲಿಗೆ ನಿಲ್ಲುತ್ತದೆ.

ಇನ್ನೊಂದು ತಂಟೆ: 70 ಬಿಪಿಎಂ (ನಿಮಿಷಕ್ಕೆ 70 ಬೀಟ್) ಹಾಡನ್ನು 140 ಅಂತ ಓದುವುದು. ವೇಗದ ಮಿತಿಯನ್ನು ಎರಡು ಪಟ್ಟಿಗಿಂತ ಕಿರಿದಾಗಿಡಿ. 65ರಿಂದ 125 ಅಂದರೆ ಸರಿ. ವೇಗದ ಹಾಡಿಗೆ ಮಿತಿ ಬದಲಿಸಿ, ಅಥವಾ ಬೀಟ್‌ಗೆ ಸರಿಯಾಗಿ ಟ್ಯಾಪ್ ಬಟನ್ ಒತ್ತಿ ವೇಗ ತಿಳಿಸಿ. ನಾನಂತೂ ಬೆರಳನ್ನು ಅದರ ಮೇಲಿಂದ ತೆಗೆಯುವುದೇ ಇಲ್ಲ.

ಲೇಟೆನ್ಸಿ, ಅಂದರೆ ಸದ್ದಿಗೂ ಬೆಳಕಿಗೂ ನಡುವಿನ ತಡದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 48 ಕಿಲೋಹರ್ಟ್ಜ್‌ನಲ್ಲಿ 256 ಸ್ಯಾಂಪಲ್ ಬಫರ್ (ಲ್ಯಾಪ್‌ಟಾಪ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು) ಅಂದರೆ ಸುಮಾರು 5 ಮಿಲಿಸೆಕೆಂಡ್. ವೇದಿಕೆಯ ಸ್ಪೀಕರ್‌ನಿಂದ 20 ಮೀಟರ್ ದೂರ ಕೂತವರಿಗೆ ಸದ್ದೇ 58 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಬೆಳಕನ್ನು ತಡ ಮಾಡುವುದು ಅಗ್ಗದ ಡಿಎಂಎಕ್ಸ್ ಇಂಟರ್‌ಫೇಸ್. ಅಂಥದ್ದನ್ನು ಸುಮ್ನೆ ಕೊಟ್ಟರೂ ಬೇಡ ಅನ್ನಿ.

ಪ್ರತಿ ಬೀಟ್‌ಗೂ ಫ್ಲ್ಯಾಶ್ ಬೇಡ. ನಾಲ್ಕಕ್ಕೊಮ್ಮೆ ಬಣ್ಣ ಬದಲಾದರೆ ಸಾಕು. ಸೆಕೆಂಡಿಗೆ 3ಕ್ಕಿಂತ ಹೆಚ್ಚು ಮಿನುಗು ಕೆಲವರಿಗೆ ಅಪಸ್ಮಾರದ ಸೆಳೆತ ತರಬಹುದು. ಡ್ರಮ್ ನಿಲ್ಲುವ ಭಾಗಕ್ಕೆ ನಿಧಾನವಾಗಿ ಉಸಿರಾಡುವಂಥ ಒಂದು ಸೀನ್ (ಬೆಳಕಿನ ಸಿದ್ಧ ಜೋಡಣೆ) ಮೊದಲೇ ಮಾಡಿಟ್ಟು, ಅದನ್ನು ಟ್ಯಾಪ್ ಬಟನ್ ಪಕ್ಕದಲ್ಲೇ ಇಡಿ.