ಪಿಕಪ್ ಬೇಕೆಂದರೆ ಎಂಜಿನ್‌ಗೆ ತಂಪು ಗಾಳಿ ಕೊಡಿ

ನನ್ನದು 1,197 ಸಿಸಿಯ ಪೆಟ್ರೋಲ್ ಸ್ವಿಫ್ಟ್. ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ. ಶಿರಾಡಿ ಘಾಟಿ ಹತ್ತುವಾಗ ಎರಡನೇ ಗೇರ್‌ಗೆ ಇಳಿಸಿ ಆಕ್ಸಿಲರೇಟರ್ ಒತ್ತಿದರೂ ಗಾಡಿ ತಡೆದು ತಡೆದು ಎಳೆಯುತ್ತಿತ್ತು. ಗಾಳಿಯ ದಾರಿಯನ್ನು ಸರಿ ಮಾಡೋಣ ಅಂತ ಬಾನೆಟ್ ಎತ್ತಿದೆ.

ಅಂಗಡಿಯಲ್ಲಿ ಮೊದಲು ತೋರಿಸುವುದೇ ಕೋನ್ ಫಿಲ್ಟರ್. ಕಂಪನಿ ಕೊಟ್ಟ ಏರ್ ಫಿಲ್ಟರ್ ಬಾಕ್ಸ್ ಕಿತ್ತು ಬಾನೆಟ್ ಒಳಗೆ ತೆರೆದೇ ಕೂರಿಸುವಂಥದ್ದು. ಸದ್ದು ಚೆನ್ನಾಗಿರುತ್ತೆ, ನಿಜ. ಆದರೆ ಅದು ಎಳೆಯುವುದು ಎಂಜಿನ್ ಸುತ್ತಲಿನ ಬಿಸಿ ಗಾಳಿಯನ್ನೇ ಅಲ್ವಾ? ಅಂಥದ್ದನ್ನು ಹಾಕಿಸಿದ್ದ ಗೆಳೆಯನ ಕಾರಿಗೆ ಒಬಿಡಿ ಸ್ಕ್ಯಾನರ್ (ಕಾರಿನ ಸೆನ್ಸರ್‌ಗಳ ಲೆಕ್ಕ ತೋರಿಸುವ ಸಾಧನ) ಸಿಕ್ಕಿಸಿ ನೋಡಿದೆ. ಟ್ರಾಫಿಕ್‌ನಲ್ಲಿ ನಿಂತಾಗ ಒಳಹೋಗುವ ಗಾಳಿ 60 ಡಿಗ್ರಿ ಮುಟ್ಟಿತ್ತು. ಹೊರಗೆ ಇದ್ದದ್ದು 30. ಗಾಳಿ ಅಷ್ಟು ಕಾದರೆ ಅದರ ಸಾಂದ್ರತೆ ಸುಮಾರು ಶೇ. 9ರಷ್ಟು ಇಳಿಯುತ್ತದೆ. ಆಮ್ಲಜನಕ ಕಡಿಮೆ, ಅದಕ್ಕೆ ತಕ್ಕಂತೆ ಸುಡುವ ಪೆಟ್ರೋಲೂ ಕಡಿಮೆ, ಎಳೆತವೂ ಕಡಿಮೆ.

ಹಾಗಾಗಿ ಕಂಪನಿ ಬಾಕ್ಸನ್ನೇ ಉಳಿಸಿಕೊಂಡೆ. ಕಾಗದದ ಫಿಲ್ಟರ್ ತೆಗೆದು, ಅದೇ ಅಳತೆಯ, ತೊಳೆದು ಬಳಸುವ ಹತ್ತಿ ಫಿಲ್ಟರ್ ಹಾಕಿದೆ. ಅದೇನೂ ದೊಡ್ಡ ಕೆಲಸವಲ್ಲ. ಹೊತ್ತು ಹಿಡಿದದ್ದು ಅದು ಸರಿಯಾಗಿ ಕೂತಿದೆಯೇ ಎಂದು ನೋಡುವುದಕ್ಕೆ. ರಬ್ಬರ್ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ, ಮುಚ್ಚಳ ಹಾಕಿ, ಮತ್ತೆ ತೆಗೆದೆ. ಮುಚ್ಚಳದ ಸುತ್ತ ಗ್ರೀಸಿನ ಗೆರೆ ಎಲ್ಲೂ ತುಂಡಾಗದೆ ಮೂಡಿರಬೇಕು. ಒಂದು ಮೂಲೆಯಲ್ಲಿ ಗೆರೆ ಬಿಟ್ಟುಹೋಗಿತ್ತು. ಆ ಸಂದಿನಿಂದ ಧೂಳು ನೇರವಾಗಿ ಸಿಲಿಂಡರ್‌ಗೆ ಹೋಗುತ್ತದೆ. ಅಂಚನ್ನು ಒತ್ತಿ ಕೂರಿಸಿ, ಗೆರೆ ಪೂರ್ತಿ ಮೂಡಿದ ಮೇಲೆಯೇ ಕ್ಲಿಪ್ ಹಾಕಿದೆ.

ಬಾಕ್ಸ್‌ನಿಂದ ಎಂಜಿನ್‌ಗೆ ಹೋಗುವ ಹೋಸ್ ಬಿಚ್ಚಿದಾಗ, ಒಳಹೋಗುವ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ತಟ್ಟೆಯ ಅಂಚಿಗೆ ಕಪ್ಪು ಕಿಟ್ಟ ಕಟ್ಟಿದ್ದು ಕಾಣಿಸಿತು. ಬ್ಯಾಟರಿ ತಂತಿ ತೆಗೆದು, ಕ್ಲೀನರ್ ಹಾಕಿದ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ಮೋಟರ್ ತಿರುಗಿಸುವ ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ತಟ್ಟೆಯನ್ನು ಬೆರಳಿನಿಂದ ಬಲವಂತವಾಗಿ ತಳ್ಳಬೇಡಿ, ಒಳಗಿನ ಗೇರ್ ಹಾಳಾಗುತ್ತೆ.

ಇನ್ನೂ ತಂಪು ಗಾಳಿ ಸಿಗಲೆಂದು ಗಾಳಿ ಎಳೆಯುವ ಕೊಳವೆಯ ಬಾಯಿಯನ್ನು ಕೆಳಗಿಳಿಸುವುದೂ ಉಂಟು. ಅದಕ್ಕೆ ನಾನು ಒಪ್ಪಲಿಲ್ಲ. ಮಂಗಳೂರಿನ ಮಳೆಗಾಲದಲ್ಲಿ ರಸ್ತೆ ಮೇಲೆ ನಿಂತ ನೀರನ್ನು ಅದು ಹೀರಿದರೆ ಎಂಜಿನ್ ಒಳಗೆ ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡೇ ಬಾಗಬಹುದು.

ಈಗ ಘಾಟಿಯಲ್ಲಿ ಆಕ್ಸಿಲರೇಟರ್ ಮೇಲೆ ಕಾಲಿಟ್ಟ ಕೂಡಲೇ ಗಾಡಿ ಎಳೆಯುತ್ತದೆ. ಟಾಪ್ ಸ್ಪೀಡ್ ಏನೂ ಹೆಚ್ಚಿಲ್ಲ. ನನ್ನ ಲೆಕ್ಕದಲ್ಲಿ ಈ ಪಿಕಪ್‌ನಲ್ಲಿ ದೊಡ್ಡ ಪಾಲು ಥ್ರಾಟಲ್ ಶುಚಿ ಮಾಡಿದ್ದರದ್ದು, ಫಿಲ್ಟರಿನದ್ದು ಆಮೇಲೆ. ಹತ್ತಿ ಫಿಲ್ಟರ್ ತೊಳೆದ ಮೇಲೆ, ಧೂಳು ಹಿಡಿಯಲು ಅದಕ್ಕೆ ಹಾಕುವ ಎಣ್ಣೆಯನ್ನು ಹದವಾಗಿ ಹಾಕಿ. ಜಾಸ್ತಿಯಾದರೆ ಗಾಳಿ ಅಳೆಯುವ ಮಾಫ್ ಸೆನ್ಸರ್ ಇರುವ ಕಾರುಗಳಲ್ಲಿ ಅದರ ತಂತಿಗೆ ಅಂಟುತ್ತದೆ. ಮಣ್ಣಿನ ರಸ್ತೆಯಲ್ಲೇ ಹೆಚ್ಚು ಓಡಾಡುವವರು ಮಾತ್ರ ಕಾಗದದ ಫಿಲ್ಟರನ್ನೇ ಹೊಸದಾಗಿ ಹಾಕಿಸಿ. ನುಣ್ಣನೆ ಧೂಳು ತಡೆಯುವುದರಲ್ಲಿ ಅದೇ ಮೇಲು.